ಹುಲಿಯ ಬೆನ್ನ ಮೇಲಿನ ಹೆಬ್ಬೆಟ್ಟು

"ಯಾರು ತೊಳೆದದ್ದು ಇದನ್ನ?"

ಸುರತ್ಮಿಯ ಅಂಗಡಿಯಿಂದ ಈ ಪ್ರಶ್ನೆ ಹೊರಟರೆ ಜಾವಾದ ಸೋಲೋ ಊರಿನ ಹಳೆ ಸಾಮಾನಿನ ಮಾರುಕಟ್ಟೆಯಲ್ಲಿ ಅಕ್ಕಪಕ್ಕದವರು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿ ನಿಮಿರಿಸುತ್ತಿದ್ದರು. ಅದಕ್ಕೆ ಉತ್ತರ ಕೊಟ್ಟವರ ಗತಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಈ ಸಲ ಸಿಕ್ಕಿಬಿದ್ದವಳು ಮಗನ ಮದುವೆಗೆಂದು ಬಂದಿದ್ದ ದುಂಡುಮುಖದ ಹೆಂಗಸು. ವರ ವಧುವಿಗೆ ಕೊಡುವ ಮಹರಿಗೆ ನಾಣ್ಯಗಳನ್ನು ಚೌಕಟ್ಟಿನಲ್ಲಿ ಜೋಡಿಸಿ, ಮೇಲೆ ಗಾಜು ಹಾಕಿಸುವುದು ಈಗ ಮನೆಮನೆಯ ಪದ್ಧತಿ. ಸುರತ್ಮಿಯ ಅನ್ನ ಹುಟ್ಟುವುದೂ ಅದರಿಂದಲೇ. ಹೆಂಗಸು ಕರವಸ್ತ್ರ ಬಿಚ್ಚಿ, ತೀರಿಕೊಂಡ ಗಂಡ ಜೋಪಾನ ಮಾಡಿದ್ದ ಬೆಳ್ಳಿಯ ಸ್ಮಾರಕ ನಾಣ್ಯಗಳನ್ನು ಗಾಜಿನ ಪೆಟ್ಟಿಗೆಯ ಮೇಲೆ ಸುರಿದಿದ್ದಳು. ಇಟ್ಟಿರಲಿಲ್ಲ, ಕಡಲೆಕಾಯಿ ಸುರಿದ ಹಾಗೆ ಸುರಿದಿದ್ದಳು. ಅವು ಹೊಸ ಸ್ಟೀಲು ಚಮಚಗಳಂತೆ ಫಳಫಳ ಅನ್ನುತ್ತಿದ್ದವು.

"ನಾನೇ, ಬು," ಎಂದಳು ಹೆಂಗಸು, 'ಅಮ್ಮಾ' ಎನ್ನುವ ಅಲ್ಲಿನ ಮಾತಿನಲ್ಲಿ, ಹೆಮ್ಮೆಯಿಂದ. "ಕಪ್ಪಗೆ ಮಸಿ ಹಿಡಿದಿತ್ತು. ಹಲ್ಲುಜ್ಜೋ ಪೇಸ್ಟು ಹಾಕಿ ಹಳೇ ಬ್ರಷ್‌ನಲ್ಲಿ ತಿಕ್ಕಿದೆ. ಕೈ ನೋವು ಬಂತು ನೋಡಿ."

"ಹಲ್ಲುಜ್ಜೋ ಪೇಸ್ಟು ಹಲ್ಲಿಗೆ. ನಾಣ್ಯಕ್ಕೆ ಹಲ್ಲಿದೆಯಾ?"

"ಅಯ್ಯೋ, ಹೊಳೀಲಿ ಅಂತ..."

"ಹೊಳೀತಿದೆ. ಚರ್ಮ ಸುಲಿದ ಮೀನೂ ಹೊಳೆಯುತ್ತೆ. ನಿಮ್ಮ ಯಜಮಾನರು ಅಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದನ್ನ ನೀವು ಒಂದು ಮಧ್ಯಾಹ್ನ ಬಚ್ಚಲಲ್ಲಿ ಕೂತು ಕೆರೆದು ಹಾಕಿದಿರಿ. ಇಲ್ಲಿ ನೋಡಿ, ಈ ಭೂತಗನ್ನಡೀಲಿ ನೋಡಿ. ಗೀರು, ಗೀರು, ಗೀರು. ಬೆಕ್ಕು ಕೂಡ ಇಷ್ಟು ಪರಚಲ್ಲ!"

ಎದುರಂಗಡಿಯ ಪಾಕ್ ಜುಮೆನೊ ಹಳೆ ಲಾಟೀನಿನ ಗಾಜು ಒರೆಸುತ್ತ, "ಬಿಡಿ ಬು ರತ್ಮಿ, ಗಿರಾಕಿ ಓಡಿ ಹೋಗ್ತಾರೆ," ಎಂದು ಕೂಗಿದ.

"ಓಡಲಿ! ನಿಮ್ಮದು ಲಾಟೀನು, ಒರೆಸಿದಷ್ಟೂ ಬೆಳಕು. ನನ್ನದನ್ನ ಒರೆಸಿದಷ್ಟೂ ಕತ್ತಲೆ."

ಹೆಂಗಸು ಓಡಲಿಲ್ಲ. ಬೈಸಿಕೊಂಡೇ ಚೌಕಟ್ಟಿಗೆ ಹೇಳಿ ಹೋದಳು. ಸುರತ್ಮಿಯ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು ಎನ್ನುವುದು ಊರಿಗೇ ಗೊತ್ತಿದ್ದ ಮಾತು. ಉಳಿದ ಚೌಕಟ್ಟಿನವರು ನಾಣ್ಯದ ಬೆನ್ನಿಗೆ ಗೋಂದು ಬಳಿದು ಹಲಗೆಗೆ ಅಂಟಿಸುತ್ತಾರೆ. ಇವಳು ಪ್ರತಿಯೊಂದು ನಾಣ್ಯದ ಅಳತೆಗೂ ಹಲಗೆಯಲ್ಲಿ ಗುಂಡಿ ಕೊರೆದು, ಗಟ್ಟಿ ಪಾರದರ್ಶಕ ಡಬ್ಬಿಯಲ್ಲಿಟ್ಟು ಕೂರಿಸುತ್ತಿದ್ದಳು. ಮೆತ್ತನೆಯ ಪ್ಲಾಸ್ಟಿಕ್ ಚೀಲ ಕಂಡರೆ ಅವಳಿಗೆ ಮೈ ಉರಿ, ಏಕೆಂದರೆ ಅದು ವರ್ಷದೊಳಗೆ ಬೆವರಿ ನಾಣ್ಯಕ್ಕೆ ಹಸಿರು ಜಿಡ್ಡು ಅಂಟಿಸುತ್ತದೆ. ಮರದ ಬೀರು, ನುಸಿಗುಳಿಗೆ, ರಬ್ಬರ್ ಬ್ಯಾಂಡು ಎಲ್ಲದರ ಮೇಲೂ ಅವಳಿಗೆ ಒಂದೊಂದು ಹಗೆ. ತೀರ ಕೊಳೆಯಾಗಿದ್ದರೆ ಶುದ್ಧ ನೀರಲ್ಲಿ ಅದ್ದಿ, ಹತ್ತಿಬಟ್ಟೆಯ ಮೇಲೆ ಮಲಗಿಸಿ, ಒತ್ತಿ ಒಣಗಿಸಬೇಕು. ತಿಕ್ಕಬಾರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅದಕ್ಕೆ ನಾಣ್ಯವನ್ನೂ ಸೇರಿಸಬೇಕು. ಬೆಳ್ಳಿ ತನ್ನ ಪಾಡಿಗೆ ತಾನು ವರ್ಷಗಟ್ಟಲೆ ಕೂತು ಬರಿಸಿಕೊಂಡ ಆ ಕಪ್ಪು, ಆ ಕಂದು, ಅಂಚಿನಲ್ಲಿ ನವಿಲುಗರಿಯ ಆ ನೀಲಿ, ಒಮ್ಮೆ ಹೋದರೆ ಹೋದ ಹಾಗೇ.

ಇದನ್ನೆಲ್ಲ ಅವಳಿಗೆ ಕಲಿಸಿದ್ದು ಅಪ್ಪ. ಅಂಚೆ ಕಚೇರಿಯಲ್ಲಿ ದುಡಿದ ಸಾಸ್ತ್ರೊ ಸಣ್ಣ ಮೈಕಟ್ಟಿನ, ಮಿತಮಾತಿನ ಮನುಷ್ಯ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ ತೋರಿಸುತ್ತಿದ್ದ ಅಪ್ಪನ ಬೆರಳುಗಳು ಅವಳಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದ್ದವು. ಹೆಬ್ಬೆರಳಿನ ಒಳಮೈಯಲ್ಲಿ ಪಾರ್ಸೆಲ್ಲಿನ ಹುರಿ ಕತ್ತರಿಸುವಾಗ ಚಾಕು ಹರಿದ ಅಡ್ಡಗಾಯದ ಗುರುತು, ಮದುವೆಗೆ ಮುಂಚಿನದಂತೆ. "ಮುಖ ಮುಟ್ಟಬಾರದು ಮಗಳೇ. ಮುಟ್ಟಿದ್ದು ಉಳಿದುಬಿಡುತ್ತೆ."

ಅಪ್ಪ ಸತ್ತ ಮೇಲೆ ಸಂಗ್ರಹವೆಲ್ಲ ಸುರತ್ಮಿಯ ಪಾಲಿಗೆ ಬಂತು. ಹೊಟ್ಟೆಪಾಡಿಗೆ ಬಹಳಷ್ಟನ್ನು ಮಾರಿದಳು. ಹುಲಿಯ ನಾಣ್ಯವೊಂದನ್ನು ಮಾರಲಿಲ್ಲ. ಎಪ್ಪತ್ತನಾಲ್ಕರಲ್ಲಿ ಕಾಡುಪ್ರಾಣಿಗಳ ರಕ್ಷಣೆಗೆಂದು ಹೊರಬಂದ ಎರಡು ಸಾವಿರ ರುಪಿಯಾದ ಬೆಳ್ಳಿ ನಾಣ್ಯ ಅದು. ಒಂದು ಕಡೆ ಗರುಡ, ಇನ್ನೊಂದು ಕಡೆ ಜಾವಾದ ಹುಲಿ. ಆ ಹುಲಿ ಈಗ ಯಾವ ಕಾಡಿನಲ್ಲೂ ಇಲ್ಲ. ವರ್ಗವಾಗಿ ಹೋಗುತ್ತಿದ್ದ ಮೇಲಧಿಕಾರಿಯೊಬ್ಬರು ಅಪ್ಪನಿಗೆ ಕೊಟ್ಟ ಉಡುಗೊರೆ, ಅಪ್ಪನ ಮೊದಲನೆಯ ನಾಣ್ಯ.

ಆ ನಾಣ್ಯದ ಮೇಲೆ ಹುಲಿಯ ಬೆನ್ನಿಗೆ ಸರಿಯಾಗಿ ಮೇಲುಗಡೆ, ಕನ್ನಡಿಯಂಥ ಬಯಲಿನಲ್ಲಿ, ಒಂದು ಹೆಬ್ಬೆರಳಿನ ಗುರುತಿತ್ತು. ಎಣ್ಣೆಯ ಕೈ ಯಾವತ್ತೋ ಒತ್ತಿದ್ದು, ಬೆಳ್ಳಿ ಅದನ್ನು ಮರೆಯದೆ ನಿಧಾನಕ್ಕೆ ಕಪ್ಪಾಗಿಸಿ ಇಟ್ಟುಕೊಂಡಿತ್ತು. ಸುತ್ತು ಸುತ್ತಾದ ಗೆರೆಗಳು, ಒಂದೂ ತುಂಡಾಗದೆ ನಡುವಿನ ಚುಕ್ಕೆಯ ತನಕ ಸುತ್ತಿಕೊಂಡು ಹೋಗಿದ್ದವು. ವ್ಯಾಪಾರದ ಲೆಕ್ಕದಲ್ಲಿ ಅದು ದೊಡ್ಡ ಊನ. ಸುರತ್ಮಿಗೆ ಮಾತ್ರ ಅದು ಅಪ್ಪ. ಯಾರಿಗೂ ಮುಖ ಮುಟ್ಟಲು ಬಿಡದ ಅಪ್ಪ ತಾನೇ ಒಂದು ದಿನ ಆಸೆ ತಡೆಯಲಾರದೆ ಹುಲಿಯ ಬೆನ್ನು ಸವರಿದ್ದಾನೆ ಎಂದು ಅವಳು ನಂಬಿದ್ದಳು. ಚಿಕ್ಕವಳಿದ್ದಾಗ ಒಮ್ಮೆ ಅದರ ಬಗ್ಗೆ ಕೇಳಿದ್ದಳು. ಅಪ್ಪ ಉತ್ತರ ಕೊಡದೆ ಡಬ್ಬಿ ಮುಚ್ಚಿ, ಪಂಜರದ ಪಾರಿವಾಳಕ್ಕೆ ಕಾಳು ಹಾಕಲು ಹೋಗಿಬಿಟ್ಟಿದ್ದ. ನಾಚಿಕೊಂಡ, ಪಾಪ, ಎಂದುಕೊಂಡಿದ್ದಳು. ಗೋರಿಯ ಮೇಲೆ ಹೂವೆರಚಿ ಬಂದ ದಿನವೆಲ್ಲ ಅವಳು ಡಬ್ಬಿಯನ್ನು ಬೆಳಕಿಗೆ ಹಿಡಿದು ಆ ಗೆರೆಗಳನ್ನು ನೋಡುತ್ತಿದ್ದಳು. ಮನೆಗೆ ಬಂದವರಿಗೂ ತೋರಿಸುತ್ತಿದ್ದಳು. "ನೋಡಿ, ನಮ್ಮಪ್ಪನ ಕೈ." ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಅಂಗಡಿ, ಮತ್ತು ಈ ಕೈ.

ಜಾವಾ ಪಂಚಾಂಗದ ಮೊದಲ ತಿಂಗಳಾದ ಸುರೊ ಹತ್ತಿರ ಬಂದಾಗ, ಅವಳು 'ಮಾಸ್' ಎಂದು ಕರೆಯುವ ಅಣ್ಣ ವಿದಾಗ್ದೊ ಅಂಗಡಿಗೆ ಬಂದ. ಗಣಿತದ ಮೇಷ್ಟರಾಗಿ ನಿವೃತ್ತಿಯಾದವನು, ಅಪ್ಪನ ಮನೆಯಲ್ಲೇ ಇರುವವನು, ಈಗ ಮನೆತನಕ್ಕೆ ಹಿರಿಯ. ಸುರೊದಲ್ಲಿ ಮನೆತನದ ಪೂಜ್ಯ ವಸ್ತುಗಳಿಗೆ ಮಜ್ಜನ ಮಾಡಿಸುವುದು ಹಿರಿಯನ ಕೆಲಸ. ತಾತನ ಕಾಲದ ಕ್ರಿಸ್ ಕಠಾರಿ, ಮುತ್ತಜ್ಜನ ಈಟಿಯ ತುದಿ, ಅಜ್ಜಿಯ ಅಡಕೆಕತ್ತರಿ, ಇವನ್ನೆಲ್ಲ ಹೂವಿನ ನೀರಿನಲ್ಲಿ, ನಿಂಬೆರಸದಲ್ಲಿ ತೊಳೆದು, ಧೂಪದ ಹೊಗೆ ತೋರಿಸಿ, ಎಣ್ಣೆ ಸವರಿ ಇಡುತ್ತಾರೆ.

"ಈ ಸಲ ಅಪ್ಪನ ನಾಣ್ಯಾನೂ ತಟ್ಟೇಲಿ ಇರಲಿ ರತ್ಮಿ," ಎಂದ ಅವನು. "ಸೆಮರಾಂಗಿನ ಚಿಕ್ಕಪ್ಪನೂ ಬರ್ತಿದ್ದಾರೆ. ಅಪ್ಪಂದು ಅಂತ ತಟ್ಟೇಲಿ ಏನೂ ಇಲ್ಲ."

"ನಾಣ್ಯಕ್ಕೆ ಸ್ನಾನ ಮಾಡಿಸಬಾರದು ಮಾಸ್. ಸಾವಿರ ಸಲ ಹೇಳಿದ್ದೀನಿ. ಕಠಾರಿ ಕಬ್ಬಿಣ. ಇದು ಬೆಳ್ಳಿ."

"ಸ್ನಾನ ಯಾರು ಮಾಡಿಸ್ತಾರೆ? ಡಬ್ಬಿ ಸಮೇತ ಇಡೋಣ. ಹೊಗೆ ತೋರಿಸಿ ಎತ್ತಿಕೊಳ್ಳೋದು."

"ಡಬ್ಬಿ ತೆಗೀಬಾರದು."

"ನಾನ್ಯಾಕೆ ತೆಗೀಲಿ? ನಾನು ಅದನ್ನ ಮುಟ್ಟಿದ್ದು ನೋಡಿದ್ದೀಯಾ ಯಾವತ್ತಾದ್ರೂ?"

ಅದು ನಿಜವೇ. ಮನೆಯಲ್ಲಿ ಆ ಡಬ್ಬಿ ಹೊರಬಂದಾಗಲೆಲ್ಲ ವಿದಾಗ್ದೊ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಲ್ಲುತ್ತಿದ್ದ. ಈಗಲೂ ಹಾಗೇ ನಿಂತಿದ್ದ. ಸುರತ್ಮಿ ಒಪ್ಪಿಕೊಂಡಳು. ನಂಬಿಕೆ ಇಟ್ಟು ಒಪ್ಪಿಕೊಂಡಳು, ಅದನ್ನು ಇಲ್ಲಿ ಹೇಳಲೇಬೇಕು.

ಮಜ್ಜನದ ದಿನ ಹಜಾರದಲ್ಲಿ ಚಾಪೆ ಹಾಸಿ ನೆಂಟರೆಲ್ಲ ಕೂತಿದ್ದರು. ಗಂಡಸರು ಬಾಟಿಕ್ ತೊಟ್ಟು, ಹೆಂಗಸರು ಕೂದಲು ಕಟ್ಟಿ, ಸದ್ದಿಲ್ಲದೆ. ಬಿಳಿ ಬಟ್ಟೆಯ ಮೇಲೆ ಕಠಾರಿ, ಈಟಿ, ಅಡಕೆಕತ್ತರಿ, ಕೊನೆಯಲ್ಲಿ ಪುಟ್ಟ ಡಬ್ಬಿಯೊಳಗೆ ಹುಲಿ. ಸೆಮರಾಂಗಿನ ಚಿಕ್ಕಪ್ಪ ಕಣ್ಣು ಮುಚ್ಚಿ ಪ್ರಾರ್ಥನೆ ಗೊಣಗುತ್ತಿದ್ದರು. ಮಲ್ಲಿಗೆ ಚಹಾ ಒಂದು ಸುತ್ತು ಹೋಯಿತು. ಅಷ್ಟರಲ್ಲಿ ಅತ್ತಿಗೆ ಕುಸ್ರಿನಿ ಅಡುಗೆಮನೆಯ ಬಾಗಿಲಿಂದ ಸನ್ನೆ ಮಾಡಿದಳು. ಸುರೊ ಗಂಜಿಯ ದೊಡ್ಡ ಪಾತ್ರೆ ಇಳಿಸಬೇಕಂತೆ, ಒಬ್ಬಳ ಕೈಲಿ ಆಗುವುದಿಲ್ಲವಂತೆ. ಸುರತ್ಮಿ ಎದ್ದು ಹೋದಳು. ಪಾತ್ರೆ ಇಳಿಸಿ, ಗಂಜಿಯ ಮೇಲೆ ಕರಿದ ಈರುಳ್ಳಿ ಉದುರಿಸಿ, ಬಟ್ಟಲುಗಳ ತಟ್ಟೆ ಹಿಡಿದು ಹಜಾರಕ್ಕೆ ಬಂದಳು.

ಡಬ್ಬಿ ತೆರೆದಿತ್ತು. ಹುಲಿ ವಿದಾಗ್ದೊನ ಅಂಗೈಯಲ್ಲಿತ್ತು. ಅವನು ಅದನ್ನು ನಿಂಬೆರಸದ ಬಟ್ಟಲಿಗೆ ಅದ್ದಿ, ಒಲೆಬೂದಿ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕುತ್ತಿದ್ದ. ಸುಮ್ಮನೆ ಶಾಸ್ತ್ರಕ್ಕೆ ಸವರುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು, ಹಣೆಯಲ್ಲಿ ಬೆವರು ಬರುವ ಹಾಗೆ, ತಳ ಹಿಡಿದ ಪಾತ್ರೆ ತಿಕ್ಕುವ ಹಾಗೆ ತಿಕ್ಕುತ್ತಿದ್ದ. ಸುತ್ತ ಕೂತ ನೆಂಟರು ಭಕ್ತಿಯಿಂದ ನೋಡುತ್ತಿದ್ದರು. ಒಬ್ಬ ಮಹಾನುಭಾವನಂತೂ, "ಆಹಾ, ಎಷ್ಟು ಬೆಳ್ಳಗಾಯಿತು," ಎಂದ.

ಸುರತ್ಮಿಯ ಕೈಯಿಂದ ತಟ್ಟೆ ಬಿತ್ತು. ಗಂಜಿ ಚಾಪೆಯ ಮೇಲೆ ಹರಿಯಿತು.

"ಏನು ಮಾಡ್ತಿದ್ದೀಯ ನೀನು?"

ಆ ಮನೆಯಲ್ಲಿ ಯಾರೂ ದನಿ ಎತ್ತಿದ್ದಿಲ್ಲ. ಹುಟ್ಟಿದಾಗಿನಿಂದ 'ನೀವು' ಎನಿಸಿಕೊಂಡ ಅಣ್ಣನನ್ನು ತಂಗಿ ನೆಂಟರೆದುರು 'ನೀನು' ಅಂದಿದ್ದಳು. ಚಿಕ್ಕಪ್ಪ ಕಣ್ಣು ಬಿಟ್ಟರು.

"ಮುಟ್ಟಲ್ಲ ಅಂದೆ! ಡಬ್ಬಿ ತೆಗೆಯಲ್ಲ ಅಂದೆ! ಮಾತು ಕೊಟ್ಟು ನನ್ನನ್ನ ಅಡುಗೆಮನೆಗೆ ಕಳಿಸಿ, ಕಳ್ಳನ ಹಾಗೆ... ಕೊಡು ಇಲ್ಲಿ!"

ಅವಳು ಕಿತ್ತುಕೊಂಡು ನೋಡಿದಳು. ಹುಲಿ ಇತ್ತು. ಬೆನ್ನ ಮೇಲೆ ಏನೂ ಇರಲಿಲ್ಲ. ಬರೀ ಗೀರುಗಳು, ಬರೀ ಬಿಳುಪು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಆ ಹಜಾರದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

"ಅಪ್ಪನ ಹೆಸರಲ್ಲಿ ಪೂಜೆ ಮಾಡ್ತೀರಿ," ಎಂದಳು ಎಲ್ಲರನ್ನೂ ನೋಡಿ. "ಹೂವು ಹಾಕ್ತೀರಿ, ಹೊಗೆ ಹಾಕ್ತೀರಿ. ಅಪ್ಪ ಇದ್ದದ್ದು ಇಲ್ಲಿ, ಇಷ್ಟೇ ಇಷ್ಟು ಜಾಗದಲ್ಲಿ. ಅದನ್ನೇ ಬೂದಿ ಹಾಕಿ ತಿಕ್ಕಿಬಿಟ್ಟಿರಲ್ಲ! ನಿಮ್ಮ ಭಕ್ತಿಗೆ ಬೆಂಕಿ ಬೀಳ!"

ವಿದಾಗ್ದೊ ತಲೆ ಎತ್ತಲಿಲ್ಲ. ಬೂದಿಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ನಿಮ್ಮಪ್ಪಂದು ಶುದ್ಧವಾಗಿರಲಿ ಅಂತ," ಎಂದರು ಚಿಕ್ಕಪ್ಪ, ಯಾರಿಗೋ ಸಮಾಧಾನ ಹೇಳುವವರ ಹಾಗೆ. ಸುರತ್ಮಿ ಚಪ್ಪಲಿ ಹಾಕಿಕೊಂಡು ಹೊರಟೇಬಿಟ್ಟಳು.

ಆಮೇಲೆ ಅವಳು ಅಣ್ಣನೊಂದಿಗೆ ಮಾತು ಬಿಟ್ಟಳು. ಫೋನ್ ಬಂದರೆ ಎತ್ತಲಿಲ್ಲ. ಬೀದಿಯಲ್ಲಿ ಸಿಕ್ಕರೆ ಆಚೆ ಬದಿಗೆ ದಾಟಿದಳು. ಮನೆಯ ಮಾತು ಬೀದಿಗೆ ಬೇಡವೆಂದು ಮಾರುಕಟ್ಟೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಆದರೆ ಸಿಟ್ಟು ಹೇಳಿದ ಮಾತು ಕೇಳಿ ಸುಮ್ಮನಿರುತ್ತದೆಯೇ? ಗೋಂದಿನ ವಿಷಯಕ್ಕೆ ಒಬ್ಬ ಗಿರಾಕಿಯನ್ನು ಅಳಿಸಿದಳು. ಪಾಕ್ ಜುಮೆನೊ, "ಏನು ಬು, ಈಚೆಗೆ ನಿಮ್ಮ ಅಂಗಡಿ ಮುಂದೆ ಹಾದು ಹೋಗೋಕೂ ಛತ್ರಿ ಬೇಕು," ಎಂದದ್ದಕ್ಕೆ, "ಬಾಯಿ ಮುಚ್ಚೋಕೆ ಒಂದು ಮುಚ್ಚಳಾನೂ ತಗೊಳ್ಳಿ," ಎಂದಳು.

ಹುಲಿಯ ನಾಣ್ಯ ಮೇಜಿನ ಖಾನೆಯೊಳಗಿತ್ತು. ಒಂದೆರಡು ಸಲ ಭೂತಗನ್ನಡಿ ಹಿಡಿದು ಹುಡುಕಿದಳು, ಒಂದಾದರೂ ಗೆರೆ ಉಳಿದಿದೆಯೋ ಎಂದು. ಇರಲಿಲ್ಲ. ಖಾನೆಯನ್ನು ದಡಾರನೆ ತಳ್ಳಿ ಮುಚ್ಚಿದಳು.

ಒಂದು ದಿನ ಕುಸ್ರಿನಿ ಬಂದಳು. ಬಿದಿರು ಬುಟ್ಟಿಯಲ್ಲಿ ಅನ್ನ, ಹಲಸಿನಕಾಯಿಯ ಗುದೆಗ್ ಪಲ್ಯ, ಮೊಟ್ಟೆ. "ನಿಮ್ಮ ಮಾಸ್ ಸರಿಯಾಗಿ ಊಟ ಮಾಡ್ತಿಲ್ಲ ದಿಕ್," ಎಂದಳು, ತಂಗಿಯನ್ನು ಕರೆಯುವ ಹಾಗೆ.

"ನಿಂಬೆಹಣ್ಣು ಕೊಡಿ. ಅದರಲ್ಲಿ ಎತ್ತಿದ ಕೈ ಅವರದು."

"ಅಷ್ಟು ಕಟುವಾಗಿ ಮಾತಾಡಬೇಡಿ. ಅವರು ಬೇಕು ಅಂತ ಮಾಡಿದ್ದಲ್ಲ."

"ಬೇಕು ಅಂತಲೇ ಮಾಡಿದ್ದು. ನಾನು ಕಣ್ಣಾರೆ ನೋಡಿದೆ. ಗಂಜಿ ಪಾತ್ರೆ ಇಳಿಸೋಕೆ ನನ್ನನ್ನ ಕರೀ ಅಂತ ನಿಮಗೆ ಹೇಳಿದ್ದು ಯಾರು?"

ಕುಸ್ರಿನಿ ಹೆಗಲ ಬಟ್ಟೆಯ ಅಂಚು ತಿರುವಿದಳು. ಅದೇ ಉತ್ತರವಾಯಿತು. ಸುರತ್ಮಿ ಬುಟ್ಟಿಯನ್ನು ಮುಚ್ಚಿದ್ದು ಮುಚ್ಚಿದಂತೆಯೇ ವಾಪಸು ಕೊಟ್ಟಳು. ಕೊಟ್ಟ ಅನ್ನವನ್ನು ಹಿಂದಕ್ಕೆ ಕೊಡುವುದು ಎಂಥ ಮಾತೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಮಧ್ಯಾಹ್ನ ವಿದಾಗ್ದೊ ತಾನೇ ಬಂದ. ಮಳೆ ಬರುವ ಹಾಗೆ ಸೆಕೆ. ಮಾರುಕಟ್ಟೆಯಲ್ಲಿ ಅರ್ಧ ಜನ ಕೂತಲ್ಲೇ ತೂಕಡಿಸುತ್ತಿದ್ದರು. ಅವನು ಗಿರಾಕಿಗಳ ಮೋಟು ಸ್ಟೂಲಿನ ಮೇಲೆ ಕೂತ. ಕೈಯಲ್ಲಿ ಕರಿದ ಬಾಳೆಹಣ್ಣಿನ ಪೊಟ್ಟಣವಿತ್ತು. ಅದನ್ನು ಗಾಜಿನ ಮೇಲಿಡಲು ಹೋಗಿ, ಎಣ್ಣೆ ತಾಗೀತೆಂದು ಮತ್ತೆ ಮಡಿಲಲ್ಲೇ ಇಟ್ಟುಕೊಂಡ. ಸುರತ್ಮಿ ಹಲಗೆಗೆ ಗುಂಡಿ ಕೊರೆಯುತ್ತಲೇ ಇದ್ದಳು. ತಲೆ ಎತ್ತಲಿಲ್ಲ.

"ರತ್ಮಿ."

ಕೊರೆಯುವ ಸದ್ದು.

"ಬಯ್ಯಿ. ಅವತ್ತು ಬೈದ ಹಾಗೇ ಬಯ್ಯಿ, ನೀನು ತಾನು ಅನ್ನು, ಊರು ಕೇಳೋ ಹಾಗೆ ಬಯ್ಯಿ. ಮಾತು ಮಾತ್ರ ಬಿಡಬೇಡ. ಆ ನಾಣ್ಯದ ದೆಸೆಯಿಂದ ಇನ್ನೊಂದು ಸಲ ನನ್ನ ಜೊತೆ ಮಾತು ಬಿಟ್ಟರೆ ನನಗೆ ತಡ್ಕೊಳ್ಳೋಕಾಗಲ್ಲ."

ಕೊರೆಯುವುದು ನಿಂತಿತು. "ಇನ್ನೊಂದು ಸಲ ಅಂದರೆ?"

ವಿದಾಗ್ದೊ ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡ.

"ಅದು ಅಪ್ಪನ ಬೆರಳಲ್ಲ ರತ್ಮಿ. ನಂದು."

"ಸುಳ್ಳು."

"ನೀನಿನ್ನೂ ಹುಟ್ಟಿರಲಿಲ್ಲ. ನಾನು ಎರಡನೇ ಕ್ಲಾಸೋ ಮೂರನೇ ಕ್ಲಾಸೋ. ನಾಣ್ಯ ಮನೆಗೆ ಬಂದ ದಿನ ಅಮ್ಮ ಇದನ್ನೇ ಕರಿದಿದ್ದಳು, ಬಾಳೆಹಣ್ಣು. ಅಪ್ಪ ಮೇಜಿನ ಮೇಲೆ ನಾಣ್ಯ ಇಟ್ಟು ಕೈಕಾಲು ತೊಳೆಯೋಕೆ ಹೋದರು. ಹುಲಿ ಕೂದಲು ಕೂದಲಾಗಿ ಕಾಣ್ತಿತ್ತು. ಮೆತ್ತಗಿದೆಯೋ ಏನೋ ಅಂತ ಮುಟ್ಟಿದೆ. ಅಷ್ಟೇ."

"ಸುಳ್ಳು," ಎಂದಳು ಸುರತ್ಮಿ ಮತ್ತೆ, ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. "ಅಪ್ಪ ನಿಮ್ಮನ್ನ ಹೊಡೆದರಾ?"

"ಹೊಡೆದಿದ್ದರೆ ಅಲ್ಲಿಗೆ ಮುಗೀತಿತ್ತು. ಮಾತು ಬಿಟ್ಟರು. ಒಂದು ಇಡೀ ಮಳೆಗಾಲ. ಊಟಕ್ಕೆ ಕೂತಾಗ ಅಮ್ಮನಿಗೆ ಹೇಳೋರು, ನಿನ್ನ ಮಗನಿಗೆ ಉಪ್ಪು ಬೇಕೇನೋ ಕೇಳು ಅಂತ. ನಾನು ಎದುರಿಗೇ ಕೂತಿದ್ದೆ. ಜ್ವರ ಬಂತು, ಆಗಲೂ ಮಾತಾಡಲಿಲ್ಲ. ಬಾಗಿಲಲ್ಲಿ ನಿಂತು ನೋಡಿ ಹೋದರು."

ಅವನು ಪೊಟ್ಟಣದ ದಾರ ಬಿಚ್ಚಿ ಮತ್ತೆ ಕಟ್ಟಿದ.

"ಆಮೇಲೆ ಮಾತಾಡಿದರು. ಆದರೆ ಮನೆಗೆ ಯಾರೇ ಬರಲಿ, ಡಬ್ಬಿ ತರೋರು. ನೋಡಿ ಸ್ವಾಮಿ, ನಮ್ಮ ಹಿರಿಮಗ ಹುಲಿ ಬೆನ್ನಿಗೆ ಹೆಬ್ಬೆಟ್ಟು ಒತ್ತಿದ್ದಾನೆ, ಶಾಲೆಗೆ ಕಳಿಸಿದರೂ ಹೆಬ್ಬೆಟ್ಟೇ ಅನ್ನೋರು. ಬಂದೋರು ನಗೋರು. 'ಎಲ್ಲಿ, ತೋರಿಸು ಬೆರಳು' ಅನ್ನೋರು. ನಾನು ಬೆರಳು ತೋರಿಸಬೇಕು. ಅವರು ಗೆರೆಗೆ ಗೆರೆ ಹೋಲಿಸಿ ನೋಡಬೇಕು. ನಿನ್ನನ್ನ ಹೆತ್ತ ಮೇಲೆ ಅಮ್ಮ ಒಂದು ಸಲ ಅತ್ತು ರಂಪ ಮಾಡಿದಳು. ಆಗ ನಿಲ್ಲಿಸಿದರು."

ಸುರತ್ಮಿ ಖಾನೆ ಎಳೆದು ನಾಣ್ಯ ತೆಗೆದಳು. ಅದರಲ್ಲಿ ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಆದರೆ ನೋಡಬೇಕಾದದ್ದು ಅವಳ ಕಣ್ಣಲ್ಲೇ ಅಚ್ಚೊತ್ತಿತ್ತು. ಸುತ್ತು ಸುತ್ತಾದ ಗೆರೆಗಳು, ಒಂದೂ ತುಂಡಾಗದೆ ನಡುವಿನ ಚುಕ್ಕೆಯ ತನಕ. ಅಪ್ಪನ ಹೆಬ್ಬೆರಳಿಗೆ ಅಡ್ಡಗಾಯವಿತ್ತು. ಮದುವೆಗೆ ಮುಂಚಿನ ಗಾಯ. ಅಂಥ ಬೆರಳು ಒತ್ತಿದ್ದರೆ ಗುರುತಿನ ನಡುವೆ ಬಿಳಿಯ ಗೀಟು ಹಾದುಹೋಗಬೇಕಿತ್ತು. ಕೂದಲೆಳೆಯ ಗೀರು ನೋಡಿ ಅಸಲಿ ನಕಲಿ ಹೇಳುವ ತನಗೆ ಇಷ್ಟು ವರ್ಷ ಇದು ಹೊಳೆಯಲಿಲ್ಲವೇ? ಅದೂ ಎಷ್ಟು ಚಿಕ್ಕ ಗುರುತು! ಅಪ್ಪ ಸಣ್ಣಾಳು ಎಂದು ತಾನೇ ಸಮಾಧಾನ ಹೇಳಿಕೊಂಡಿದ್ದಳು. ಅದು ಮಗುವಿನ ಬೆರಳಾಗಿತ್ತು.

"ನನಗೆ ಹೇಳಬಹುದಿತ್ತಲ್ಲ ಮಾಸ್."

"ಏನಂತ ಹೇಳಲಿ? ಅದನ್ನ ಅಪ್ಪನ ಕೈ ಅಂತ ಕಣ್ಣಿಗೊತ್ತಿಕೊಳ್ತಿದ್ದೆ ನೀನು. ಅಪ್ಪ ಸತ್ತ ಮೇಲಾದ್ರೂ ಮುಗೀತು ಅಂದ್ಕೊಂಡೆ. ನೀನು ಶುರು ಮಾಡಿದೆ. ಬಂದೋರಿಗೆಲ್ಲ ಡಬ್ಬಿ, ಬಂದೋರಿಗೆಲ್ಲ ನೋಡಿ ನೋಡಿ. ನಾನು ಹಿಂದೆ ಕೈ ಕಟ್ಟಿ ನಿಂತ್ಕೋಬೇಕು. ಐವತ್ತು ದಾಟಿದ ಮನುಷ್ಯ, ಮಕ್ಕಳಿಗೆ ಪಾಠ ಹೇಳಿದ ಮನುಷ್ಯ." ಅವನು ಮೊದಲ ಬಾರಿಗೆ ದನಿ ಎತ್ತಿದ. "ಸುರೊದಲ್ಲಿ ಕಲ್ಮಷ ತೊಳೀತಾರೆ. ನಂದೂ ಒಂದು ತೊಳ್ಕೊಂಡೆ. ತಪ್ಪೇ ಇರಬಹುದು."

"ತಪ್ಪೇ!" ಎಂದಳು ಸುರತ್ಮಿ. "ನನ್ನ ಕೇಳಬೇಕಿತ್ತು."

"ಕೇಳಿದ್ದರೆ ಕೊಡ್ತಿದ್ದೆಯಾ?"

ಅವಳು ಯೋಚಿಸಿದಳು. "ಇಲ್ಲ."

"ಮತ್ತೆ?"

ಮಳೆ ಶುರುವಾಗಿ ತಗಡಿನ ಮೇಲೆ ಸದ್ದು ತುಂಬಿತು. ಸುರತ್ಮಿಗೆ ಸಿಟ್ಟು ಇಳಿದಿರಲಿಲ್ಲ. ಇಳಿಯುವ ಸಿಟ್ಟೇ ಅಲ್ಲ ಅದು. ಎಲ್ಲಿಗೆ ಹೋಗಿ ಬೀಳಬೇಕು ಎಂದು ಗೊತ್ತಿಲ್ಲದೆ ಅಲ್ಲೇ ಸುತ್ತುತ್ತಿತ್ತು, ಅಷ್ಟೆ. ಎಣ್ಣೆಕೈಯ ಒಂದು ಮಗು. ಮೇಜಿನಾಚೆ ಮುಖ ತಿರುಗಿಸಿ ಕೂತ ಅಪ್ಪ. ಉಪ್ಪು ಬೇಕೇನೋ ಕೇಳು. ಲೋಹಕ್ಕೆ ನೋವಾದೀತೆಂದು ಅಂಚು ಹಿಡಿದು ಎತ್ತುತ್ತಿದ್ದ ಆ ಮೃದು ಬೆರಳುಗಳು! ಲೋಹಕ್ಕೆ ಅಷ್ಟು ಮರುಗಿದ ಮನುಷ್ಯ, ಹೆತ್ತ ಮಗನನ್ನು ಬಂದವರ ಮುಂದೆ ನಿಲ್ಲಿಸಿ ಬೂದಿ ಹಾಕಿ ತಿಕ್ಕಿದ. ವರ್ಷಗಟ್ಟಲೆ ತಿಕ್ಕಿದ. ಅವನ ಗೋರಿಗೆ ತಾನು ಗುಲಾಬಿ ಎರಚಿ ಬಂದಳಲ್ಲ!

ಅವಳು ಎದ್ದು ಗಾಜಿನ ಪೆಟ್ಟಿಗೆಯ ಬೀಗ ತೆಗೆದಳು. ಮುಂದಿನ ಸಾಲಿನಲ್ಲಿದ್ದ ಒಳ್ಳೆಯ ನಾಣ್ಯಗಳನ್ನು ಹಿಂದಕ್ಕೆ ಸರಿಸಿ, ಕಪ್ಪು ಮಖಮಲ್ಲಿನ ನಟ್ಟ ನಡುವೆ, ದೀಪದ ಕೆಳಗೆ, ಆ ಸುಲಿದ ಹುಲಿಯನ್ನು ಇಟ್ಟಳು. ಒಂದು ಚೀಟಿಯ ಮೇಲೆ 'ಮಾರಾಟಕ್ಕಿಲ್ಲ' ಎಂದು ಬರೆದು ಪಕ್ಕದಲ್ಲಿ ನಿಲ್ಲಿಸಿದಳು. ತಿಕ್ಕಿದ ನಾಣ್ಯ ಅವಳ ಪೆಟ್ಟಿಗೆಯ ಮುಂದಿನ ಸಾಲಿಗೆ ಅದುವರೆಗೆ ಬಂದದ್ದಿಲ್ಲ.

"ಅಲ್ಲ್ಯಾಕೆ ಇಡ್ತೀಯ?" ಎಂದ ವಿದಾಗ್ದೊ ಗಾಬರಿಯಿಂದ.

"ಪೊಟ್ಟಣ ಬಿಚ್ಚಿ. ಆರಿ ಹೋಗ್ತಿದೆ," ಎಂದಳು ಅವಳು.

ಅವರು ಬಾಳೆಹಣ್ಣು ತಿನ್ನುತ್ತಿದ್ದಾಗ ಪಾಕ್ ಜುಮೆನೊ ಮಳೆಗೆ ಪೇಪರು ತಲೆಗೆ ಹಿಡಿದು ಈಚೆ ಓಡಿ ಬಂದ. ಕರಿದ ಎಣ್ಣೆಯ ವಾಸನೆಗೆ ಬಂದವನ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಬಗ್ಗಿ ನೋಡಿದ. ಇನ್ನೊಮ್ಮೆ ನೋಡಿದ. ಅವನ ಮುಖ ಅರಳಿತು. ಇಷ್ಟು ವರ್ಷಕ್ಕೆ ಒಂದು ಅವಕಾಶ ಸಿಕ್ಕಿತ್ತು. ಸೊಂಟದ ಮೇಲೆ ಕೈಯಿಟ್ಟುಕೊಂಡು, ಸುರತ್ಮಿಯದೇ ದನಿ ಮಾಡಿ, ಮಾರುಕಟ್ಟೆಗೆಲ್ಲ ಕೇಳುವ ಹಾಗೆ ಕೂಗಿದ.

"ಯಾರು ತೊಳೆದದ್ದು ಇದನ್ನ?"

ವಿದಾಗ್ದೊನ ತುತ್ತು ಬಾಯಲ್ಲೇ ನಿಂತಿತು. ಎಣ್ಣೆಯ ಕೈ ತಾನಾಗಿ ಬೆನ್ನ ಹಿಂದಕ್ಕೆ ಹೋಗತೊಡಗಿತು. ಸುರತ್ಮಿ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಮುಂದಕ್ಕೆ ಎಳೆದು, ಒರೆಸದೆ, ಗಾಜಿನ ಮೇಲೆ ಇಟ್ಟಳು.

"ನಮ್ಮಪ್ಪ," ಎಂದಳು.